ಅತ್ತೆಯ ಹಲ್ಲಿಗೆ ಎರಡು ವಿಮಾನ

ಅಳಿಯ ಬೆಳ್ಳಂಬೆಳಗ್ಗೆ ತುಟಿ ಪಿಟಕ್ಕೆನ್ನದೆ ಹಲ್ಲುಜ್ಜುತ್ತಿದ್ದ. ತನ್ನದಲ್ಲ, ಅತ್ತೆಯದು. ಹೊಸ ಸೆಟ್ಟಿನ ಮೇಲುಸಾಲು ಕೆಳಸಾಲು ಎರಡನ್ನೂ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ನೀರಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಬಿಗಿದ. ಹಲ್ಲು ಕಟ್ಟುವುದೇ ಅವನ ಕಸುಬು.

ಅತ್ತೆ ಹೆಡ್‌ಮಿಸ್ಟ್ರೆಸ್. ಅಂದು ಸಂಜೆ ಐದಕ್ಕೆ, ಎರಡು ವಿಮಾನದಾಚೆಯ ಊರಿನ ಶಾಲೆಯಲ್ಲಿ ಅವರಿಗೆ ಬೀಳ್ಕೊಡುಗೆ, ಅವರದೇ ಭಾಷಣ. ಹಳೆಯ ಸೆಟ್ಟು ವಾರದ ಹಿಂದೆ ಬಚ್ಚಲಲ್ಲಿ ಬಿದ್ದು ಎರಡು ಹೋಳಾಗಿತ್ತು. ಒಂಬತ್ತು ವರ್ಷದಲ್ಲಿ ಅಳಿಯನನ್ನು ಒಮ್ಮೆಯೂ ನೆಟ್ಟಗೆ ಮಾತಾಡಿಸದ ಅತ್ತೆ ಮೊದಲ ಸಲ ಅವನಲ್ಲಿ ಒಂದು ಉಪಕಾರ ಕೇಳಿದ್ದರು, ಅದೂ ಬರೆದು ಕಳಿಸಿ.

ಡಬ್ಬಿಯನ್ನು ಕೈಚೀಲಕ್ಕೆ ಹಾಕಹೋದಾಗ ಜೊತೆ ಕೆಲಸದವನು ತಡೆದ. ನೀರಿದ್ದರೆ ತಪಾಸಣೆಯವರು ಕಿತ್ತುಕೊಳ್ಳುತ್ತಾರೆ, ಪೆಟ್ಟಿಗೆಗೆ ಹಾಕಿ ಕೌಂಟರಿನಲ್ಲಿ ಕೊಟ್ಟುಬಿಡು ಎಂದ. ಅವನು ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಆದರೆ ಹತ್ತದವರ ಸಲಹೆಯಲ್ಲಿರುವ ಧೈರ್ಯ ಹತ್ತಿದವರ ಸಲಹೆಯಲ್ಲಿ ಇರುವುದಿಲ್ಲ. ಅಳಿಯ ಹಾಗೆಯೇ ಮಾಡಿದ.

ಮೊದಲ ವಿಮಾನ ಒಂದು ಗಂಟೆ ತಡವಾಗಿ ಎದ್ದಿತು. ವಿಮಾನ ಬದಲಿಸಲು ಇದ್ದ ನೂರು ನಿಮಿಷ ನಲವತ್ತಕ್ಕಿಳಿಯಿತು. ಅಳಿಯ ಗಡಿಯಾರ ನೋಡಿದ, ಕಾಲು ಕುಣಿಸಿದ, ಮತ್ತೆ ಗಡಿಯಾರ ನೋಡಿದ. ಡಾಕ್ಟರ ಬಾಗಿಲಲ್ಲಿ ದವಡೆ ಹಿಡಿದು ಕೂತವನ ಹಾಗಿದ್ದ. ಪಕ್ಕದ ಸೀಟಿನ ನಿವೃತ್ತ ಸರ್ವೇಯರು ಸಂಗತಿಯನ್ನೆಲ್ಲ ಕೆದಕಿ ತಿಳಿದುಕೊಂಡರು.

"ಇಳಿದ ಕೂಡ್ಲೇ ಪೆಟ್ಟಿಗೆ ತಗೊಂಡು ಇನ್ನೊಂದು ಕೌಂಟರಲ್ಲಿ ಕೊಡಬೇಕು. ಅದು ತಾನಾಗೇ ಹೋಗೋಕೆ ಅದಕ್ಕೇನು ಕಾಲಿದೆಯಾ?"

"ಚಕ್ರ ಇದೆ," ಎಂದ ಅಳಿಯ. ಸರ್ವೇಯರು ನಗಲಿಲ್ಲ.

ಇಳಿದ ಮೇಲೆ ತಾವೇ ಅವನ ತೋಳು ಹಿಡಿದು ಪೆಟ್ಟಿಗೆ ಬರುವ ಬೆಲ್ಟಿನ ಬಳಿಗೆ ಎಳೆದೊಯ್ದರು. ಬೆಲ್ಟು ತಿರುಗಿತು. ಯಾರದೋ ಮಗುವಿನ ತಳ್ಳುಗಾಡಿ ಮೂರು ಪ್ರದಕ್ಷಿಣೆ ಹಾಕಿತು. ಸರ್ವೇಯರ ಪೆಟ್ಟಿಗೆ ಬಂತು. ಅವರು ಒಳ್ಳೆಯದಾಗಲಿ ಎಂದು ಹರಸಿ ಹೊರಟರು. ಅಷ್ಟರಲ್ಲಿ ಹೆಂಡತಿಯ ಸಂದೇಶ: ಅಮ್ಮ ಕನ್ನಡಿ ಮುಂದೆ ಭಾಷಣ ಓದ್ತಿದಾರೆ, ಒಂದಕ್ಷರ ತಿಳೀತಿಲ್ಲ, ಬೇಗ ಬನ್ನಿ.

ಹದಿನೆಂಟು ನಿಮಿಷ ಮಣ್ಣುಪಾಲಾದ ಮೇಲೆ ಅವನು ಮೂಲೆಯ ಮೇಜಿನ ಹೆಂಗಸಿಗೆ ತನ್ನ ಪೆಟ್ಟಿಗೆಯ ಚೀಟಿ ತೋರಿಸಿದ.

"ನಿಮ್ಮ ಪೆಟ್ಟಿಗೆ ಆಗಲೇ ಮುಂದಿನ ವಿಮಾನದಲ್ಲಿದೆ," ಎಂದಳು ಅವಳು. "ಚೀಟೀಲೇ ಬರೆದಿದೆಯಲ್ಲ. ನೀವೊಬ್ರೇ ಬಾಕಿ."

ಅಳಿಯ ಓಡಿದ. ಮತ್ತೆ ತಪಾಸಣೆ. ಸೊಂಟದ ಪಟ್ಟಿ ಬಿಚ್ಚಿಸಿದರು. ಅದನ್ನು ಕಟ್ಟಿಕೊಳ್ಳಲು ಪುರುಸೊತ್ತಿಲ್ಲದೆ, ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಓಡಿದ. ಹೊರಡುವ ಹೊತ್ತು ಮೀರಿ ಹತ್ತು ನಿಮಿಷವಾಗಿದ್ದರೂ ವಿಮಾನ ನಿಂತಿತ್ತು. ಬಾಗಿಲಿನವಳು ಅವನನ್ನು ನೋಡಿ ನಿಟ್ಟುಸಿರಿಟ್ಟು ಒಳಗೆ ತಳ್ಳಿದಳು. ಒಂಬತ್ತು ವರ್ಷಕ್ಕೊಮ್ಮೆ ಅದೃಷ್ಟ ಕಣ್ಣು ಬಿಟ್ಟಿತೆಂದುಕೊಂಡ.

ಕಿಟಕಿಯ ಸೀಟು. ಪಕ್ಕದಲ್ಲೊಬ್ಬ ದಢೂತಿ ಆಸಾಮಿ ಕರವಸ್ತ್ರವನ್ನು ಮುಖಕ್ಕೆ ಹೊದ್ದುಕೊಂಡಿದ್ದ. ಅದನ್ನು ಸರಿಸದೆಯೇ ಮಂಡಿ ಮಡಚಿ ದಾರಿ ಬಿಟ್ಟ.

"ಯಾವನೋ ಪೆಟ್ಟಿಗೆ ಕಳಿಸಿ ತಾನು ಬಂದಿಲ್ವಂತೆ," ಎಂದ ಕರವಸ್ತ್ರದೊಳಗಿಂದ. "ಆಳಿಲ್ದೆ ಪೆಟ್ಟಿಗೆ ಒಯ್ಯೋ ಹಾಗಿಲ್ಲ ನೋಡಿ. ಇನ್ನೂರು ಪೆಟ್ಟಿಗೇಲಿ ಅದೊಂದನ್ನ ಹುಡುಕ್ತಾ ಇದಾರೆ."

ಇಷ್ಟು ಕಷ್ಟಪಟ್ಟು ಬಂದು ಕೂತ ಅಳಿಯನಿಗೆ ಆ ಬೇಜವಾಬ್ದಾರಿಯವನ ಮೇಲೆ ಮೈಯೆಲ್ಲ ಉರಿಯಿತು. ಅಂಥವರನ್ನು ಮತ್ತೆ ವಿಮಾನವನ್ನೇ ಹತ್ತಿಸಬಾರದು ಎಂದ. ಮುಂದಿನ ಸಾಲಿನವರೂ ತಿರುಗಿ ಹೌದೌದೆಂದರು. ಬಾಗಿಲು ಮುಚ್ಚಿತು. ಪೆಟ್ಟಿಗೆ ಸಿಕ್ಕಿತು, ಇಳಿಸಿದ್ದಾಯಿತು, ಹೊರಡುತ್ತಿದ್ದೇವೆ ಎಂಬ ಪ್ರಕಟಣೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಳಿಯನದೇ ಎಲ್ಲಕ್ಕಿಂತ ಜೋರು.

ವಿಮಾನ ಹಿಂದೆ ಸರಿಯಿತು. ಆ ಅನಾಥ ಪೆಟ್ಟಿಗೆ ಹೇಗಿದೆಯೋ ನೋಡೋಣವೆಂದು ಅವನು ಕಿಟಕಿಗೆ ಮೂಗೊತ್ತಿದ. ಕೆಳಗೆ ಖಾಲಿ ಗಾಡಿಯ ಮೇಲೆ ನೀಲಿ ಪೆಟ್ಟಿಗೆಯೊಂದು ಕೂತಿತ್ತು. ಅದರ ಒಡೆದ ಮೂಲೆಗೆ, ಹಲ್ಲುಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಅಂಟಿನ ತೇಪೆ. ಲೋಕದಲ್ಲಿ ಒಸಡಿರುವ ಪೆಟ್ಟಿಗೆ ಅದೊಂದೇ, ತೇಪೆ ಹಾಕಿದವನು ಅವನೇ. ಅವನು ಮೇಲಿನ ಬಾಗಿಲಿಂದ ಒಳಗೆ ಬಂದ ಸುದ್ದಿ ಕೆಳಗೆ ಮುಟ್ಟುವ ಮೊದಲೇ ಅದನ್ನು ಕೆಳಗಿನ ಬಾಗಿಲಿಂದ ಇಳಿಸಿದ್ದರು.

ಅಳಿಯ ಗಂಟೆ ಒತ್ತಿದ. ಗಗನಸಖಿ ಪಟ್ಟಿ ಬಿಗಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು. ವಿಮಾನ ಓಡತೊಡಗಿತು.

"ಒಂದು ನಿಮಿಷ ನಿಲ್ಲಿಸ್ತೀರಾ," ಎಂದ ಅಳಿಯ, "ಆ ಪೆಟ್ಟಿಗೆಯವರು ಬಂದಿದಾರೆ."