ಎರಡು ಚಪ್ಪಾಳೆಗೆ ಕೈಕಟ್ಟಿದ ಸಂಘದ ಅಧ್ಯಕ್ಷೆಯವರಿಗೆ

ಶಿಶುಶಿಕ್ಷಕಿಯರ ಸಂಘದ ಮಾನ್ಯ ಅಧ್ಯಕ್ಷೆಯವರೇ, ಮತ್ತು ಅದರ ಲೆಕ್ಕವಿಲ್ಲದಷ್ಟು ಉಪಸಮಿತಿಗಳ ಮಾನ್ಯ ಪದಾಧಿಕಾರಿಗಳೇ,

ಪುಟ್ಟ ಕುರ್ಚಿಗಳಲ್ಲಿ ಕೂತು ಕೂತು ಮೊಣಕಾಲು ಹಿಡಿದುಕೊಂಡಿರುವ ಸದಸ್ಯೆಯೊಬ್ಬಳು, ಏಳಲಾಗದ ಕಾರಣ ಕೂತಲ್ಲಿಂದಲೇ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದು ಪ್ರತಿದಿನ ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ತಾವೇ ಕಳಿಸುವ ಗುಲಾಬಿ ಹೂವಿನಿಂದ ತಿಳಿದು ಸಂತೋಷವಾಗುತ್ತಿದೆ. ನಮ್ಮ ಕ್ಷೇಮ ವಿಚಾರಿಸುವ ಹೂವು ಇನ್ನೂ ಅರಳಿಲ್ಲವಾದ್ದರಿಂದ ನಾನೇ ಬರೆಯಬೇಕಾಗಿ ಬಂತು.

ನಾನು ತಮ್ಮ ಸಂಘಕ್ಕೆ ಸೇರಿದ್ದು ಒಂದೇ ಒಂದು ಆಸೆಯಿಂದ. ನನ್ನ ತರಗತಿಯಲ್ಲಿ ಮೂರು ವರ್ಷ ತುಂಬಿದ, ತುಂಬಿಯೂ ತುಂಬದ ಇಪ್ಪತ್ತಾರು ಮಕ್ಕಳಿದ್ದಾರೆ, ದೊಡ್ಡವಳೆಂದರೆ ನಾನೊಬ್ಬಳೇ. ಒಬ್ಬನ ಚಡ್ಡಿ ಬಿಚ್ಚಿ ಶೌಚಕ್ಕೆ ಕೂರಿಸುವಷ್ಟರಲ್ಲಿ ಇನ್ನೊಬ್ಬಳು ಬಣ್ಣದ ಕಡ್ಡಿಯನ್ನು ಮೂಗಿಗೆ ಏರಿಸಿರುತ್ತಾಳೆ, ಅದನ್ನು ಇಳಿಸುವಷ್ಟರಲ್ಲಿ ಮೊದಲಿನವನು ಚಡ್ಡಿಯ ಹಂಗಿಲ್ಲದೆ ಕತೆ ಕೇಳಲು ಬಂದು ಕೂತಿರುತ್ತಾನೆ. ನನ್ನ ಸ್ವಂತ ಶೌಚದ ವಿಷಯವನ್ನು ಬಹಿರಂಗ ಪತ್ರದಲ್ಲಿ ಬರೆಯುವುದು ಶೋಭಿಸದು. ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದಷ್ಟೇ ಹೇಳಿ ಮುಗಿಸುತ್ತೇನೆ. ತರಗತಿಗೊಬ್ಬ ಆಯಾ ಕೊಡಿ ಎಂದು ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಬೇಡಿದಾಗ, ಇಲಾಖೆಯಿಂದ ಆದೇಶ ಬಂದರೆ ಮರುದಿನವೇ ಕೊಡುವುದಾಗಿಯೂ, ಇಲಾಖೆಯು ಒಂಟಿ ಟೀಚರಿನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಸಂಘ ಸೇರಬೇಕೆಂದೂ ಅವರು ಸಲಹೆಯಿತ್ತರು. ಸೇರಿದೆ.

ಮೊದಲ ಸಭೆಯಲ್ಲೇ ತಾವು ನನ್ನ ಕೊರಳಿಗೆ ಕಾಗದದ ಕ್ಯಾರೆಟ್ ನೇತುಹಾಕಿ ಕ್ಯಾರೆಟ್ ಗುಂಪಿನಲ್ಲಿ ಕೂರಿಸಿದಿರಿ. ಬದನೆಕಾಯಿ ಗುಂಪಿನವರು ನಮಗಿಂತ ಮೊದಲು ಸಾಲಾಗಿ ನಿಂತರೆಂದು ಅವರ ಹಣೆಗೆಲ್ಲ ನಕ್ಷತ್ರ ಅಂಟಿಸಿದಿರಿ. ನಾನು ಕೈಯೆತ್ತಿ ಆಯಾ ವಿಷಯ ತೆಗೆದಾಗ, ತುಂಬಾ ಒಳ್ಳೆಯ ಪ್ರಶ್ನೆಯೆಂದು ಮೆಚ್ಚಿ, ಈಗ ಎಲ್ಲರೂ ಎದ್ದುನಿಂತು ಮರದ ಹಾಗೆ ತೂಗಾಡೋಣ ಎಂದು ಅಪ್ಪಣೆ ಮಾಡಿದಿರಿ. ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಟೀಚರೊಬ್ಬರು ನನ್ನ ಪಕ್ಕದಲ್ಲಿ ಅದೆಷ್ಟು ಚೆನ್ನಾಗಿ ತೂಗಾಡಿದರೆಂದರೆ, ಅವರಿಗೆ ನಿಂತಲ್ಲೇ ಜೊಂಪು ಹತ್ತಿತು. ಅಂದು ಸಭೆಯ ಕೊನೆಗೆ ತಾವು ತೊಡಿಸಿದ ಕಾಗದದ ಕಿರೀಟದಲ್ಲೇ ಮನೆಗೆ ಹೋದ ನನ್ನನ್ನು ನಮ್ಮ ಯಜಮಾನರು ಮೇಲಿಂದ ಕೆಳಗೆ ನೋಡಿ, ಯಾವ ತರಗತಿಗೆ ಸೇರಿಸಿಕೊಂಡರೆಂದು ವಿಚಾರಿಸಿದರು. ದಿನವಿಡೀ ಮಕ್ಕಳನ್ನು ಆಡಿಸಿ ಬರುತ್ತಾಳೆ, ಅವಳನ್ನೂ ಯಾರೋ ಆಡಿಸಿದ್ದಾರೆ, ಬಿಡು ಎಂದು ನಮ್ಮತ್ತೆ ನನ್ನ ಪರ ವಹಿಸಿದರು.

ಬೇಡಿಕೆಯನ್ನು ಗ್ರೂಪಿನಲ್ಲೂ ಹಾಕಿದೆ. ಅದರ ಕೆಳಗೆ ಬಂದ ಕೈಮುಗಿದ ಚಿತ್ರಗಳ ಸಾಲು ನೋಡಿ ನಾನೇ ತೀರಿಕೊಂಡೆನೇನೋ ಎಂದು ಗಾಬರಿಯಾಯಿತು. ಅಷ್ಟರಲ್ಲಿ ಖಜಾಂಚಿಯವರ ಹುಟ್ಟುಹಬ್ಬ ಬಂದು, ಬೇಡಿಕೆಯು ಕೇಕುಗಳಡಿ ಕಣ್ಮರೆಯಾಯಿತು. ಆದರೂ ತಾವು ಬಿಡದೆ ಹಕ್ಕೊತ್ತಾಯ ಉಪಸಮಿತಿಯೊಂದನ್ನು ರಚಿಸಿದಿರಿ. ಅದು ಮೇಲಿಂದ ಮೇಲೆ ಸೇರಿ, ಬ್ಯಾನರು ತಿಳಿನೀಲಿಯಿರಬೇಕೋ ತಿಳಿಹಳದಿಯಿರಬೇಕೋ ಎಂಬುದನ್ನು ಕೂಲಂಕಷವಾಗಿ ಚರ್ಚಿಸಿ, ಎರಡೂ ಇರಲಿ ಎಂಬ ಐತಿಹಾಸಿಕ ತೀರ್ಮಾನಕ್ಕೆ ಬಂತು.

ಈ ನಡುವೆ ನಡೆದ ಒಂದು ಸಂಗತಿಯನ್ನು ತಮಾಷೆಯಾಗಿ ಬರೆಯಲು ನನಗೆ ಆಗುತ್ತಿಲ್ಲ. ನಾನು ಓಟಗಾತಿ ಎಂದು ಕರೆಯುವ ಪುಟ್ಟಿಯೊಬ್ಬಳಿದ್ದಾಳೆ. ತೆರೆದ ಬಾಗಿಲು ಕಂಡರೆ ಕಾಲು ನಿಲ್ಲದವಳು. ಅಂದು ಒಂದು ಮಗು ವಾಂತಿ ಮಾಡಿಕೊಂಡಿತೆಂದು ನಲ್ಲಿಯ ಹತ್ತಿರ ಬಾಯಿ ತೊಳೆಸಿ ಬಂದು ತಲೆ ಎಣಿಸಿದರೆ ಒಂದು ಕಡಿಮೆ. ಮತ್ತೆ ಎಣಿಸಿದೆ. ಉಳಿದವರನ್ನು ಬಿಟ್ಟು ಓಡುವಂತಿಲ್ಲ, ಬಿಡದೆ ಅವಳನ್ನು ಹುಡುಕುವಂತಿಲ್ಲ; ಹೊಸ್ತಿಲ ಮೇಲೆ ನಿಂತು ಅವಳ ಹೆಸರು ಕೂಗಿದೆ. ಎದುರಿನ ಸೈಕಲ್ ರಿಪೇರಿಯವರು ಅವಳನ್ನು ಎತ್ತಿಕೊಂಡು ಬಂದು, "ಮೇಡಂ, ಇವಳು ನಿಮ್ಮವಳಾ? ಬಸ್ ಬರೋ ಕಡೆ ನಡುರಸ್ತೇಲಿ ಕೂತ್ಕೊಂಡು ಚಪ್ಪಲಿ ಬಿಚ್ತಿದ್ಲು" ಎಂದರು. ಆ ದಿನವೆಲ್ಲ ತಲೆ ಎಣಿಸುತ್ತಲೇ ಇದ್ದೆ. ಸಂಜೆ ಅವಳ ತಾಯಿಗೆ ನಾನೇ ಹೇಳಿದೆ. ಆಕೆ ಬೈಯಲಿಲ್ಲ, ಮಗುವನ್ನು ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಇದನ್ನು ಕೇಳಿ ತಾವೂ ಬೆಚ್ಚಿಬಿದ್ದು ಇಲಾಖೆಯ ಅಧಿಕಾರಿಗಳ ಭೇಟಿಗೆ ದಿನ ಗೊತ್ತುಮಾಡಿದಿರಿ, ಆ ಉಪಕಾರ ಮರೆಯಲಾರೆ. ಮೂವತ್ತು ಟೀಚರುಗಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಎರಡು ಬಣ್ಣದ ಬ್ಯಾನರಿನ ಹಿಂದೆ, ಕುಳ್ಳಗಿರುವವರು ಮುಂದೆ ಉದ್ದಗಿರುವವರು ಹಿಂದೆ ಎಂಬ ಕ್ರಮದಲ್ಲಿ ಅವರ ಕೊಠಡಿ ಹೊಕ್ಕೆವು. ತಾವು ಬೇಡಿಕೆ ಹೇಳಲು ಬಾಯಿ ತೆರೆದ ಆ ಶುಭಗಳಿಗೆಯಲ್ಲಿ ಅಧಿಕಾರಿಗಳು, ತಿಂದ ಬಿಸ್ಕತ್ತಿನ ಪುಡಿ ಕೊಡವಲೆಂದು, ಎರಡು ಸಲ ಕೈತಟ್ಟಿದರು. ನಮ್ಮ ತರಗತಿಗಳಲ್ಲಿ ಎರಡು ಚಪ್ಪಾಳೆ ಕೇಳಿದರೆ ಕೈಕಟ್ಟಿ ಬಾಯಿ ಮುಚ್ಚಬೇಕೆಂಬುದು ನಿಯಮ. ಮಕ್ಕಳಿಗೆ ಮಾಡಿ ತೋರಿಸಿ ತೋರಿಸಿ ಅದು ನಮ್ಮ ಮೈಗೇ ಹತ್ತಿಕೊಂಡಿದೆ. ಮೂವತ್ತು ಜನವೂ ಒಮ್ಮೆಲೇ ಕೈಕಟ್ಟಿ ಬಾಯಿ ಮುಚ್ಚಿದೆವು. ಮೊದಲು ಮುಚ್ಚಿದವರು ತಾವು, ಎರಡನೆಯವಳು ನಾನು. ಹಿರಿಯರು ಬಿಚ್ಚಿ ಎನ್ನುವವರೆಗೆ ಕೈ ಬಿಚ್ಚಬಾರದೆಂಬುದೂ ನಿಯಮವೇ. ಬಿಚ್ಚಿ ಎನ್ನಬೇಕಾದ ತಾವೇ ಬಾಯಿ ಮುಚ್ಚಿಕೊಂಡಿದ್ದಿರಿ. ಅಧಿಕಾರಿಗಳು ಮನಸೋತು ಪಕ್ಕದ ಗುಮಾಸ್ತರ ಕಡೆ ತಿರುಗಿ, "ಎಷ್ಟು ಶಿಸ್ತು ನೋಡ್ರೀ. ಇಂಥ ಟೀಚರ್ ಇದ್ರೆ ಒಂದು ಕ್ಲಾಸಿಗೆ ಒಬ್ರೇ ಸಾಕಲ್ವಾ?" ಎಂದು ನುಡಿದು, ನಮ್ಮೊಂದಿಗೆ ಫೋಟೋ ತೆಗೆಸಿಕೊಂಡು ಊಟಕ್ಕೆ ಹೊರಟರು. ಭೇಟಿ ಯಶಸ್ವಿಯಾಯಿತೆಂದು ತಾವು ಸಂಜೆ ಗ್ರೂಪಿನಲ್ಲಿ ಬರೆದಿರಿ.

ಮಾನ್ಯರೇ, ಇಂಥ ಯಶಸ್ಸನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲದ ಕಾರಣ ಕೆಲವು ಸಣ್ಣ ಕೋರಿಕೆಗಳಿವೆ. ಮುಂದಿನ ಭೇಟಿಯಲ್ಲಿ ಅಧಿಕಾರಿಗಳ ಒಂದು ಕೈಯಲ್ಲಾದರೂ ಸದಾ ಚಹಾದ ಲೋಟವಿರುವಂತೆ ನೋಡಿಕೊಳ್ಳಲು ಒಂದು ಉಪಸಮಿತಿ ರಚಿಸಬೇಕು. ಆಯಾ ಬರುವವರೆಗೆ ಮಕ್ಕಳು ಸರದಿಯ ಪ್ರಕಾರವೇ ವಾಂತಿ ಮಾಡಿಕೊಳ್ಳತಕ್ಕದ್ದೆಂದು ನಿರ್ಣಯ ಅಂಗೀಕರಿಸಬೇಕು, ಮತ್ತು ಸಂಘದ ವತಿಯಿಂದ ನನ್ನ ಬೆನ್ನಿಗೆ ಒಂದು ಜೊತೆ ಕಣ್ಣು ಕೊಡಿಸಬೇಕು.

ಇಷ್ಟಾದರೂ ನಾನು ಸಂಘ ಬಿಡುವುದಿಲ್ಲ. ಜೊಂಪು ಹತ್ತಿದ ಆ ಹಿರಿಯ ಟೀಚರು ಅಂದು ಇಲಾಖೆಯ ಮೆಟ್ಟಿಲಿಳಿಯುತ್ತ, ಹಿಂದೊಮ್ಮೆ ತಮ್ಮ ತರಗತಿಯಿಂದಲೂ ಮಗುವೊಂದು ಹೊರಗೆ ಹೋಗಿತ್ತೆಂದೂ, ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲವೆಂದೂ ನನ್ನ ಕೈಹಿಡಿದು ಹೇಳಿದರು. ಈ ಭಯ ನನ್ನೊಬ್ಬಳದಲ್ಲವೆಂದು ಗೊತ್ತಾದದ್ದು ಸಂಘದಿಂದಲೇ, ಅದಕ್ಕೆ ಮನಸಾರೆ ಕೃತಜ್ಞಳು. ಆದ್ದರಿಂದ ಇಂದು ಅವರೂ ನಾನೂ, ನನ್ನ ತರಗತಿಯ ಅಪ್ಪ ಅಮ್ಮಂದಿರೆಲ್ಲರೂ ಸೇರಿ ಅದೇ ಅಧಿಕಾರಿಗಳ ಕೊಠಡಿಗೆ ಹೋಗುತ್ತಿದ್ದೇವೆ. ಮೊದಲು ಮಾತಾಡುವವರು ಓಟಗಾತಿಯ ತಾಯಿ. ಆಕೆಗೆ ಕೈಕಟ್ಟಿ ಅಭ್ಯಾಸವಿಲ್ಲ.

ಮೊಣಕಾಲು ಸಹಕರಿಸುವವರೆಗೂ ತಮ್ಮ ವಿಶ್ವಾಸಿ,
ಕ್ಯಾರೆಟ್ ಗುಂಪಿನ ಸದಸ್ಯೆ

ಮರೆತ ಮಾತು: ಅಪ್ಪ ಅಮ್ಮಂದಿರೆಲ್ಲ ನಮ್ಮ ಜೊತೆ ಹೊರಟದ್ದರಿಂದ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾಯಿತು. ಸಂಘದ ಕಚೇರಿಯ ಬಾಗಿಲು ಸದಸ್ಯರಿಗೆ ಸದಾ ತೆರೆದಿದೆಯೆಂದು ತಾವು ಹೇಳುತ್ತಿರುತ್ತೀರಿ. ಅದರಂತೆ ಇಪ್ಪತ್ತಾರು ಮಕ್ಕಳೂ ಈ ಪತ್ರವೂ ಒಟ್ಟಿಗೇ ತಮ್ಮನ್ನು ತಲುಪಿದ್ದು, ಬೀದಿಬಾಗಿಲಿಗೆ ಹೊರಗಡೆ ಆ ಸೈಕಲ್ ರಿಪೇರಿಯವರನ್ನು ಕಾವಲು ಕೂರಿಸಿದ್ದೇನೆ. ಆದರೂ ಇಷ್ಟು ಹೊತ್ತು ತಮ್ಮ ಕಣ್ಣು ಕಾಗದದ ಮೇಲಿತ್ತಲ್ಲ. ದಯವಿಟ್ಟು ಒಮ್ಮೆ ತಲೆ ಎಣಿಸಿ.