ಸೀಲು ಬಿದ್ದ ಅಡುಗೆ ಪುಸ್ತಕ

ನನ್ನ ಅಡುಗೆ ಪುಸ್ತಕಕ್ಕೆ ಹದಿನೆಂಟು ಸಾವಿರ ರೂಪಾಯಿ ಬಿತ್ತು. ಕಡೂರಿನ ಪ್ರೆಸ್ಸಿನವರು ಬಾಯಿಬಿಟ್ಟು ಕೇಳಿದ್ದು ಇಪ್ಪತ್ಮೂರು. ಆ ಐದು ಸಾವಿರ ಇಳಿಸಿದ್ದರಲ್ಲಿ ನನ್ನ ಜಾಣತನ ಎಷ್ಟು, ಪೆದ್ದುತನ ಎಷ್ಟು ಎಂದು ತೂಗುವ ಕೆಲಸ ನಿಮ್ಮದು. ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ. ಇನ್ನೂರು ಪ್ರತಿಯೂ ಮಾರಾಟವಾಗದಿದ್ದರೆ ಅಟ್ಟದ ಮೇಲೆ ಇಲಿಗಳೇ ಓದಬೇಕಿತ್ತು.

ಪುಸ್ತಕದ ಯೋಚನೆ ಮಾತ್ರ ಪೂರ್ತಿ ನನ್ನದು. ಯಾವ ಅಡುಗೆ ಪುಸ್ತಕ ತೆಗೆದರೂ ಕೊನೆಗೆ 'ಬಿಸಿಬಿಸಿಯಾಗಿ ಬಡಿಸಿ' ಎಂದಿರುತ್ತದೆ. ನಮ್ಮ ಯಜಮಾನರು ಅಜ್ಜಂಪುರದಲ್ಲಿ ಬೆಳಗಿನ ರೈಲು ಹತ್ತಿ ಕಡೂರಿಗೆ ಕೆಲಸಕ್ಕೆ ಹೋಗುವವರು. ಮಧ್ಯಾಹ್ನ ಬುತ್ತಿ ಬಿಚ್ಚುವವರಿಗೆ ಬಿಸಿ ಎಲ್ಲಿಂದ ಬರಬೇಕು? ಆರಿದ ಮೇಲೂ ರುಚಿ ಕೆಡದ ನಲವತ್ತು ಬಗೆ ಬರೆದೆ. ಹುಚ್ಚೆಳ್ಳು ಪುಡಿ ಸವರಿದ ರಾಗಿ ರೊಟ್ಟಿ, ಗೊಜ್ಜವಲಕ್ಕಿ, ಚಿತ್ರಾನ್ನ, ಕೊನೆಗೆ ಬಾಯಿ ಸಿಹಿಗೆ ಕೊಬ್ಬರಿ ಮಿಠಾಯಿ. ಒಂದೊಂದನ್ನೂ ಡಬ್ಬಿಯಲ್ಲಿ ಆರು ಗಂಟೆ ಮುಚ್ಚಿಟ್ಟು, ತಿಂದು ನೋಡಿಯೇ ಬರೆದವಳು ನಾನು. ಹೀಗೆ ಬರೆದವರಿದ್ದರೆ ತೋರಿಸಿ, ನೋಡೋಣ.

ಪ್ರೆಸ್ಸಿನವರು ಪುಟಕ್ಕಿಷ್ಟು ಎಂದರು. ನಾನು ಸುಮ್ಮನಿರುತ್ತೇನೆಯೇ? ಕೂತಲ್ಲೇ ಪುಟ ಇಳಿಸತೊಡಗಿದೆ. ಹೆಚ್ಚುಕಡಿಮೆ ಪ್ರತಿ ಅಡುಗೆಯ ಕೊನೆಗೂ 'ಉಪ್ಪು ರುಚಿಗೆ ತಕ್ಕಷ್ಟು' ಎಂಬ ಸಾಲು. ಆ ಒಂದು ಸಾಲಿಗಾಗಿಯೇ ಎಷ್ಟೋ ಅಡುಗೆ ಮುಂದಿನ ಪುಟಕ್ಕೆ ಇಣುಕುತ್ತಿತ್ತು. ಉಪ್ಪು ಹಾಕಬೇಕೆಂದು ಯಾರಿಗೆ ಗೊತ್ತಿಲ್ಲ? ಎಲ್ಲ ಕಡೆಯೂ ಹೊಡೆದುಹಾಕಿದೆ.

ಪುಸ್ತಕ ಬಂದ ವಾರ ನಾನು ತರೀಕೆರೆಗೆ ಅಕ್ಕನ ಮನೆಗೆ ಹೋಗಿದ್ದೆ. ಇತ್ತ ಯಜಮಾನರು ಪುಸ್ತಕ ಮುಂದಿಟ್ಟುಕೊಂಡು ಚಿತ್ರಾನ್ನ ಕಲಸಿ, ಪ್ರಚಾರಕ್ಕೆಂದು ಆಫೀಸಿನವರಿಗೆಲ್ಲ ಹಂಚಿದರಂತೆ. ಸಂಜೆ ಫೋನು ಬಂತು.

"ಲೇ, ಉಪ್ಪೆಲ್ಲೇ?"

"ಒಲೆ ಪಕ್ಕದ ಡಬ್ಬದಲ್ಲೈತೆ ಕಣ್ರೀ."

"ಡಬ್ಬದಲ್ಲಲ್ಲ ಕಣೇ, ಪುಸ್ತಕದಲ್ಲಿ!"

"ಅದೂ ಹೇಳ್ಬೇಕೇನ್ರೀ? ಗೊತ್ತಿರಲ್ವಾ?"

"ಗೊತ್ತಿರೋರು ನಿನ್ ಪುಸ್ತಕ ಯಾಕೆ ತಗೋತಾರೆ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಮಾತಿನಲ್ಲಿ ನನ್ನನ್ನು ಸೋಲಿಸಿದ್ದು ಅದೊಂದೇ ಸಲ.

ಮತ್ತೆ ಅಚ್ಚು ಹಾಕಿಸಲು ದುಡ್ಡಿಲ್ಲ. ಊರಿಗೆ ಬಂದವಳೇ ರಬ್ಬರ್ ಸ್ಟಾಂಪು ಮಾಡುವವನನ್ನು ಹಿಡಿದೆ. ನೂರೈವತ್ತು ಹೇಳಿದ; ನೂರಕ್ಕೆ ಮುಗಿಸಿದೆ. ಗುಂಡಗಿನ ಸೀಲು, ನೇರಳೆ ಇಂಕು, ಒಳಗೆ 'ಉಪ್ಪು ರುಚಿಗೆ ತಕ್ಕಷ್ಟು'. ಇನ್ನೂರು ಪುಸ್ತಕಕ್ಕೂ ಪುಟಪುಟಕ್ಕೆ ಗಂಡ ಹೆಂಡತಿ ಸರದಿಯ ಮೇಲೆ ಕುಟ್ಟಿದೆವು. ತೋಳು ಬಿದ್ದುಹೋಯಿತು.

ತರೀಕೆರೆ ಬಸ್ ಸ್ಟಾಂಡಿನಲ್ಲಿ ಮಾರಲು ಕೂತಾಗ ಹಿರಿಯರೊಬ್ಬರು ಕನ್ನಡಕವಿಲ್ಲದೆ ಪುಟ ತಿರುವಿ ಹೆಂಡತಿಗೆ ತೋರಿಸಿದರು. "ನೋಡೇ, ಪ್ರತಿ ಪುಟಕ್ಕೂ ಸೀಲ್ ಹಾಕ್ಸವ್ರೆ. ಪಾಸಾಗಿರೋ ಅಡ್ಗೆ ಕಣೇ ಇದು!"

"ಅದು ಉಪ್ಪಿನ ಸೀಲು ಸ್ವಾಮಿ" ಎಂದೆ.

"ಉಪ್ಪಿಗೂ ಸೀಲಾ! ಹಂಗಾದ್ರೆ ಎರಡು ಕೊಡಮ್ಮ."

ಇಲಿಗಳಿಗೆ ಒಂದು ಪ್ರತಿಯೂ ಉಳಿಯಲಿಲ್ಲ.

ನೀವೂ ಪುಸ್ತಕ ಮಾಡಿಸುವುದಾದರೆ ಕಾಗದ, ಬಣ್ಣ, ರಟ್ಟು, ಯಾವುದರ ಮೇಲಾದರೂ ಚೌಕಾಶಿ ಮಾಡಿ. ಆದರೆ ಪ್ರೆಸ್ಸಿಗೆ ಕೊಡುವ ಮೊದಲು ಅಡುಗೆ ಬಾರದ ಒಬ್ಬರಿಂದ ಮಾಡಿಸಿ ತಿಂದು ನೋಡಿ. ಅಂಥವರು ಪ್ರತಿ ಮನೆಯಲ್ಲೂ ಪುಕ್ಕಟೆ ಸಿಗುತ್ತಾರೆ. ಸೀಲು ಕುಟ್ಟುವ ಗತಿ ಬಂದರೆ ಸಿಹಿಯ ಪುಟ ಬಿಟ್ಟು ಕುಟ್ಟಿ. ನನ್ನ ಕೊಬ್ಬರಿ ಮಿಠಾಯಿಗೂ ಸೀಲು ಬಿದ್ದಿದೆ. ಕೇಳಿದವರಿಗೆಲ್ಲ, "ಅದು ನಮ್ಮ ಕಡೆ ವಿಶೇಷ ಕಣ್ರೀ" ಎನ್ನುತ್ತಿದ್ದೇನೆ.