ಎಣ್ಣೆ ನೋಡುವ ಕಡ್ಡಿಯೂ ಇಲ್ಲದ ಗೇರ್ ಬಾಕ್ಸ್ ಸಾಹೇಬರಿಗೆ

ಮಾನ್ಯ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಸಾಹೇಬರೇ,

ನಮ್ಮ ಯೋಗೀಶನ ಮೀನಿನ ಲಾರಿಯ ಅಡಿಯಲ್ಲಿ, ಮಂಜುಗಡ್ಡೆಯ ನೀರು ತೊಟ್ಟಿಕ್ಕುವ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ ಮರವಂತೆಯ ಗಿರಿಜಾ ಮಾಡುವ ಸಾವಿರ ನಮಸ್ಕಾರಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವ ವಾಡಿಕೆಯಿದೆ. ಆದರೆ ನಾವು ಕ್ಷೇಮವೋ ಅಲ್ಲವೋ ಎಂಬುದು ಈಗ ತಮ್ಮ ಮರ್ಜಿಗೆ ಬಿಟ್ಟ ವಿಷಯವಾದ್ದರಿಂದ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಮುಂಬೈಯಲ್ಲಿರುವ ತಂಗಿಗೆ, ಬೈಂದೂರಿಗೆ ಕೊಟ್ಟ ಮಗಳಿಗೆ, ಸಿಟ್ಟು ಮಾಡಿಕೊಂಡು ಕೂತ ನಾದಿನಿಗೆ ಕಾಗದ ಬರೆದು ರೂಢಿಯಿರುವ ನಾನು ಒಂದು ಯಂತ್ರಕ್ಕೆ ಬರೆಯುತ್ತಿರುವುದು ಇದೇ ಮೊದಲು. ಸಿಟ್ಟು ಮಾಡಿಕೊಳ್ಳುವುದರಲ್ಲಿ ತಾವು ನಾದಿನಿಗೇನೂ ಕಡಿಮೆಯಿಲ್ಲದ ಕಾರಣ ಬರವಣಿಗೆ ಕಷ್ಟವಾಗಲಾರದು.

ಮೊದಲು ತಮ್ಮ ಮೇಲೆ ನಮಗಿರುವ ಗೌರವದ ಕಾರಣ ಹೇಳಿಬಿಡುತ್ತೇನೆ. ಯೋಗೀಶ ಆ ಮುಂಬೈಯ ತಂಗಿಯ ಮಗ, ನನ್ನ ಮನೆಯಲ್ಲೇ ಬೆಳೆದವನು. ಬೋಟಿನಲ್ಲಿದ್ದಾಗ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಅವನ ಎಡಗಾಲು ಸಿಕ್ಕಿತು. ಕಾಲು ಉಳಿಯಿತು, ಪಾದದಲ್ಲಿ ಬಲ ಉಳಿಯಲಿಲ್ಲ. ಬೋಟಿನ ಕೆಲಸ ಹೋಯಿತು. ಲಾರಿ ಓಡಿಸೋಣವೆಂದರೆ ಕ್ಲಚ್ ಒತ್ತಲು ಆ ಕಾಲಿಗಾಗದು. ಹಾಗಿರುವಾಗ ಕ್ಲಚ್ಚೇ ಇಲ್ಲದ, ತನ್ನಷ್ಟಕ್ಕೆ ಗೇರು ಬದಲಿಸಿಕೊಳ್ಳುವ ಲಾರಿಯೊಂದಿದೆ ಎಂದು ತಿಳಿದು ತಮ್ಮನ್ನು ಹೊಸ ಅಳಿಯನನ್ನು ಕರೆತಂದ ಹಾಗೆ ಕರೆತಂದೆವು. ಅಂದರೆ ತಾವು ನಮಗೆ ಬರೀ ಗೇರ್ ಬಾಕ್ಸ್ ಅಲ್ಲ, ಅವನ ಎಡಗಾಲು. ತಾವು ಕೂತರೆ, ಬೇರೆಯವರ ಲಾರಿ ಹತ್ತಿ ದುಡಿಯುವ ದಾರಿಯೂ ಅವನಿಗಿಲ್ಲ. ಇದು ತಮಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಇಲ್ಲದಿದ್ದರೆ ಅಷ್ಟೊಂದು ಗತ್ತು ಎಲ್ಲಿಂದ ಬರಬೇಕು?

ನಾವು ಹಿಂದೆ ಕಂಡ ಲಾರಿಗಳ ಗೇರ್ ಬಾಕ್ಸುಗಳು ತೀರಾ ಸಾಮಾನ್ಯರು. ಎಣ್ಣೆ ಕಡಿಮೆಯಾದರೆ ಕರಕರ ಎಂದು ಊರಿಗೆಲ್ಲ ಕೇಳುವಂತೆ ದೂರುತ್ತಿದ್ದವು. ತಾವು ಹಾಗಲ್ಲ, ದೊಡ್ಡವರು, ಸತ್ತರೂ ಬಾಯಿ ಬಿಡುವವರಲ್ಲ. ಇಂಜಿನ್ನಿಗಾದರೂ ಒಂದು ಕಡ್ಡಿಯಿದೆ, ಎಳೆದು, ಒರೆಸಿ, ಮತ್ತೆ ಇಳಿಸಿ, ಎಣ್ಣೆ ಎಷ್ಟಿದೆಯೆಂದು ನೋಡಬಹುದು. ತಮಗೆ ಆ ಕಡ್ಡಿಯನ್ನೇ ಇಡಲಿಲ್ಲವಂತೆ. ಲಾರಿಯ ಜೊತೆ ಬಂದ ಪುಸ್ತಕದಲ್ಲಿ, ತಮ್ಮೊಳಗಿರುವುದು ಜೀವಮಾನದ ಎಣ್ಣೆ, ಅದನ್ನು ನೋಡುವುದೂ ಬೇಡ, ಬದಲಿಸುವುದೂ ಬೇಡ ಎಂದು ಚಂದದ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಯಾರ ಜೀವಮಾನ ಎಂದು ಮಾತ್ರ ಬರೆದಿಲ್ಲ. ಬ್ರಹ್ಮಾವರ ಪೇಟೆಯಲ್ಲಿ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸುಗಳ ಹಿಂದೆ, ಉರಿಬಿಸಿಲಿಗೆ, ಮೀನು ತುಂಬಿಕೊಂಡು ನಿಂತು ನಿಂತು ಸಾಗುವ ಲಾರಿಯೊಳಗೆ ಎಣ್ಣೆಯೊಂದು ಬೇಯದೆ, ಕಪ್ಪಾಗದೆ ಜೀವಮಾನವಿಡೀ ಉಳಿಯುತ್ತದೆ ಎಂದು ಬರೆದ ಮಹನೀಯರು ಒಮ್ಮೆ ನಮ್ಮಲ್ಲಿಗೆ ಬರಬೇಕು. ಬಂಗುಡೆ ಹುರಿದ ಎಣ್ಣೆಯನ್ನು ನಾನು ಮೂರನೆಯ ಸಲ ಕಾಯಿಸಿ ಅವರಿಗೇ ಬಡಿಸುತ್ತೇನೆ.

ಇನ್ನು ನಮ್ಮ ಮನೆಯವರ ಕಡೆಯ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಕಡಲಿಗಿಳಿಯದ ಮಳೆಗಾಲದ ರಜೆಯಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುವುದು ನಮ್ಮವರ ಪದ್ಧತಿ. ಬೂತಾಯಿ ಮೀನಿನ ಎಣ್ಣೆ ಒಣಗಿದರೆ ಹಲಸಿನ ಮೇಣದ ಹಾಗೆ ಹಿಡಿದುಕೊಂಡು ಉಪ್ಪುನೀರನ್ನು ಒಳಬಿಡುವುದಿಲ್ಲ. ನನ್ನ ಯಜಮಾನರಾದ ಕೃಷ್ಣಯ್ಯನವರು ಈ ಸಲ ದೋಣಿ ಮುಗಿಸಿ, ಉಳಿದ ಎಣ್ಣೆ ಹಾಳಾಗುವುದು ಯಾಕೆಂದು ಲಾರಿಯ ಅಡಿಗೆ ಮಲಗಿದರು. ತುಕ್ಕು ಹಿಡಿಯದಿರಲೆಂಬ ಪ್ರೀತಿಯಿಂದ ಮೇಲೆ, ಕೆಳಗೆ, ಸಂದಿಗೊಂದಿ ಬಿಡದೆ ಬಳಿದರು. ತಮ್ಮ ನೆತ್ತಿಯ ಮೇಲೆ, ತಾವು ಉಸಿರಾಡುವುದಕ್ಕೆಂದು ಹೆಬ್ಬೆರಳ ಉಗುರಿಗಿಂತ ಸಣ್ಣದೊಂದು ಮೂಗಿದೆಯೆಂದು ಅವರಿಗೆ ಯಾರು ಹೇಳಬೇಕಿತ್ತು? ಅದರ ಮೇಲೂ ಎರಡು ಕೈ ಎಣ್ಣೆ ಬಿತ್ತು. ಮೂಗು ಕಟ್ಟಿತು. ಬಿಸಿಯಾದಾಗ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ, ತಮ್ಮ ಆಯಿಲ್ ಸೀಲನ್ನೇ ನೂಕಿ ಎಣ್ಣೆ ಹೊರಬರತೊಡಗಿತು. ಬೇರೆ ಲಾರಿಯಾಗಿದ್ದರೆ ಯಾರಾದರೂ ನೋಡುತ್ತಿದ್ದರು. ನಮ್ಮದರ ಅಡಿ ಮೊದಲೇ ಮೀನೆಣ್ಣೆಯಿಂದ ಹೊಳೆಯುತ್ತಿತ್ತು, ಅದರ ಮೇಲೆ ಮಂಜಿನ ನೀರು. ಸುಟ್ಟ ವಾಸನೆಯನ್ನಾದರೂ ಹಿಡಿಯೋಣವೆಂದರೆ, ಮೀನಿನ ಲಾರಿಯ ಹತ್ತಿರ ಮೂಗು ಬಿಟ್ಟು ನಿಲ್ಲುವವರು ಯಾರಿದ್ದಾರೆ?

ರಜೆ ಮುಗಿದು ಬೋಟುಗಳು ಬರತೊಡಗಿ ವಾರ ಕಳೆದ ದಿನ ತಾವು ತಮ್ಮ ದೊಡ್ಡಸ್ತಿಕೆ ತೋರಿಸಿದಿರಿ. ಬೋಟು ನಿಲ್ಲುವ ದಕ್ಕೆಯಿಂದ ಹೆದ್ದಾರಿಗೆ ಹತ್ತುವ ಏರಿನಲ್ಲಿ, ಸರಿಯಾಗಿ ಅರ್ಧದಲ್ಲಿ, ಮೀನು ಮಾರುವ ನಮ್ಮ ಹೆಂಗಸರ ಇಡೀ ದಿನದ ಅನ್ನವನ್ನು ಬೆನ್ನ ಮೇಲೆ ಹೊತ್ತುಕೊಂಡು, ತಾವು ಧ್ಯಾನಕ್ಕೆ ಕೂತಿರಿ. ಯೋಗೀಶ ಕಿಟಕಿಯಿಂದ ತಲೆ ಹೊರಹಾಕಿ, "ದೊಡ್ಡಮ್ಮಾ, ಒತ್ರೆ ಇಂಜಿನ್ ಬರೀ ಕೂಗತ್ತ್, ಗಾಡಿ ಮುಂದ್ ಹೋತಿಲ್ಲ!" ಎಂದ. ಅಷ್ಟರಲ್ಲಿ ಲಾರಿ ಹಿಂದಕ್ಕೆ ಜಾರತೊಡಗಿತು. ನನ್ನ ಜೊತೆ ಬುಟ್ಟಿ ಹೊರುವ ಅಕ್ಕು, "ಹ್ವಾಯ್, ಹಿಂದ್ ಬತ್ತಾ ಇತ್ತ್, ಬ್ರೇಕ್ ಒತ್ತಾ ಮಾರಾಯಾ!" ಎಂದು ಕೂಗಿ ಕೈಯಲ್ಲಿದ್ದ ಬುಟ್ಟಿಯನ್ನೇ ಚಕ್ರಕ್ಕೆ ಅಡ್ಡ ಎಸೆದಳು. ಬ್ರೇಕು ಹಿಡಿಯಿತು, ಪುಣ್ಯ. ಪೆಟ್ಟಿಗೆಗಳು ಜಾರಿ ಬಿದ್ದು ಬೂತಾಯಿ ಏರಿನುದ್ದಕ್ಕೂ ಹರಡಿತು. ಆ ದಿನ ಕಾಗೆಗಳು ತಮ್ಮನ್ನು ಬಹಳ ಹೊಗಳಿದವು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಾಗ, ಅದು ಜೀವಮಾನದ ಎಣ್ಣೆ, ಯಾರೂ ಅದನ್ನು ಮುಟ್ಟಬಾರದು ಎಂದು ಒಂದು ಮಧುರವಾದ ಸ್ವರ ಹೇಳಿತು. ಮುಟ್ಟಲು ಒಳಗೆ ಎಣ್ಣೆ ಉಳಿದಿದೆಯೋ ಇಲ್ಲವೋ ಎಂದು ಯೋಗೀಶ ಕೇಳಿದರೆ, ಸಹಕಾರಕ್ಕೆ ಧನ್ಯವಾದ ಎಂದಿತು. ಕೊನೆಗೆ ತಮ್ಮನ್ನು ಕ್ರೇನಿಗೆ ಕಟ್ಟಿ, ಮುಂದಿನ ಚಕ್ರ ಮಾತ್ರ ನೆಲಕ್ಕೆ ತಾಗುವಂತೆ ಹಿಂಭಾಗವನ್ನು ಎತ್ತಿ ಹಿಡಿದು, ಮದುಮಗನ ಮೆರವಣಿಗೆಯ ಮರ್ಯಾದೆಯಲ್ಲಿ ಹೆಮ್ಮಾಡಿಯ ರವಿರಾಜನ ಗ್ಯಾರೇಜಿಗೆ ತಂದೆವು. ಅವನು ಅಡಿಗೆ ನುಗ್ಗಿ ಹೊರಬಂದವನೇ, "ಇದ್ಕ್ ಉಸ್ರ್ ಬಿಡುಕೇ ಜಾಗ ಇಲ್ದಂಗ್ ಮಾಡಿರಿಯಲೆ! ಈ ಮೂಗಿಗ್ ಎಣ್ಣಿ ಬಳ್ದದ್ ಯಾರ್?" ಎಂದು ಕೇಳಿದ. ನಮ್ಮ ಯಜಮಾನರು, "ಎಲ್ಲಾ ಕಡೆ ಬಳ್ದೆ ಮಾರಾಯಾ. ಮೂಗ್ ಅಂದೇಳಿ ಅಲ್ಲ್ ಬರ್ದಿತ್ತಾ?" ಎಂದರು. ಬರೆದಿರಲಿಲ್ಲ. ತಮ್ಮ ಕಡೆಯವರಿಗೆ ಬರೆಯುವ ಆಸೆಯೆಲ್ಲ ಪುಸ್ತಕದಲ್ಲೇ ತೀರಿಹೋಗಿತ್ತು.

ತಮ್ಮ ತಳದಲ್ಲಿರುವ ಎಣ್ಣೆಯ ಪ್ಯಾನು ಬಿಚ್ಚಿದಾಗ ಕಂಡದ್ದನ್ನು ತಮ್ಮ ಮಾನದ ದೃಷ್ಟಿಯಿಂದ ಚುಟುಕಾಗಿ ಹೇಳುತ್ತೇನೆ. ದಾಸವಾಳದ ಹಾಗೆ ಕೆಂಪಗಿರಬೇಕಾದ ಎಣ್ಣೆ ತಳ ಹಿಡಿದ ಬೆಲ್ಲದ ಪಾಕದಂತಿತ್ತು. "ಹೊಸ್ದ್ ಹಾಕ್ರೆ ಕೆಲವ್ ಸಲ ಸರಿ ಆತ್ತ್, ಕೆಲವ್ ಸಲ ಇದ್ದದ್ದೂ ಹೋತ್ತ್. ನಾ ಗ್ಯಾರಂಟಿ ಕೊಡುದಿಲ್ಲ" ಎಂದ ರವಿರಾಜ. ನಾವೆಲ್ಲ ಯೋಗೀಶನ ಮುಖ ನೋಡಿದೆವು. ಅವನು ತನ್ನ ಎಡ ಪಾದವನ್ನು ನೋಡುತ್ತಿದ್ದ. "ಹಾಕಿ ರವಿಯಣ್ಣ. ಹೀಂಗೇ ಇಟ್ಕಂಡ್ರೂ ಏರ್ ಹತ್ತುದಿಲ್ಲ ಅಲ್ದಾ" ಎಂದ. ಸೀಲು, ಫಿಲ್ಟರು, ಎಣ್ಣೆ ಎಲ್ಲ ಹೊಸದಾಯಿತು.

ಎಣ್ಣೆಯ ಮಟ್ಟ ನೋಡುವುದಕ್ಕೆ ತಮ್ಮ ಪಕ್ಕೆಯಲ್ಲೊಂದು ಬೋಲ್ಟು ಇದೆಯೆಂದು ಆಗ ತಿಳಿಯಿತು. ಲಾರಿ ಸಮನಾದ ನೆಲದಲ್ಲಿರಬೇಕು, ಇಂಜಿನ್ ಓಡುತ್ತಿರಬೇಕು, ಎಣ್ಣೆ ಬೆಚ್ಚಗಿರಬೇಕು ಆದರೆ ಕುದಿಯಬಾರದು, ಬೋಲ್ಟು ಬಿಚ್ಚಿದರೆ ಧಾರೆಯಾಗಿ ಸುರಿಯದೆ ಹನಿಹನಿಯಾಗಿ ಬರಬೇಕು. ಬಸುರಿಯ ಬಯಕೆಯೂ ಇಷ್ಟಿರುವುದಿಲ್ಲ. ಮಳೆನೀರು ಹರಿದುಹೋಗಲೆಂದು ಇಳಿಜಾರು ಮಾಡಿದ ಗ್ಯಾರೇಜಿನ ಅಂಗಳದಲ್ಲಿ ಸಮನೆಲ ಎಲ್ಲಿಂದ ಬರಬೇಕು? ಗಾರೆ ಕೆಲಸದವರ ನೀರಿನ ಪೈಪು ತಂದು, ಎರಡೂ ತುದಿಯಲ್ಲಿ ಮಟ್ಟ ಹಿಡಿದು, ಚಕ್ರಗಳ ಕೆಳಗೆ ಕೆಂಪು ಕಲ್ಲು ಇಟ್ಟೆವು. ಅಕ್ಕು ಸೊಂಟ ಹಿಡಿದುಕೊಂಡು, "ಮಗಳ ಮದಿಗ್ ಚಪ್ಪರ ಹಾಕುವಾಗ್ಲೂ ಇಷ್ಟ್ ಮಟ್ಟ ಕಾಣ್ಲಿಲ್ಲ ಹೆಣೆ" ಎಂದಳು.

ನಿನ್ನೆ ತಮ್ಮ ಪರೀಕ್ಷೆಯಾಯಿತು. ಹೆಂಗಸರು ಅರ್ಧ ಮೀನನ್ನು ಮಾತ್ರ ತಮಗೆ ಕೊಟ್ಟು, ಉಳಿದರ್ಧಕ್ಕೆ ಬೇರೊಂದು ಟೆಂಪೋ ಕರೆಸಿದ್ದರು. "ಬೇಜಾರ್ ಮಾಡ್ಕಣ್ಬೇಡ ಮಗಾ, ಮೀನ್ ಕಾಯುದಿಲ್ಲ" ಎಂದಳು ಅಕ್ಕು. ಯೋಗೀಶ ಕುಂಟುತ್ತಾ ಹೋಗಿ ಆ ಟೆಂಪೋಗೆ ತಾನೇ ಪೆಟ್ಟಿಗೆ ಏರಿಸಿದ. ಅದನ್ನು ತಾವು ನೋಡಲಿಲ್ಲ, ತಮಗೆ ಕಣ್ಣಿಲ್ಲ. ನಾನು ನೋಡಿದೆ, ಅದಕ್ಕೇ ಈ ಪತ್ರ. ಅರ್ಧ ಹೊರೆಯನ್ನು ತಾವು ಹತ್ತಿಸಿದಿರಿ, ಅಭಿನಂದನೆಗಳು. ಅಷ್ಟನ್ನು ನಾವು ಹೆಂಗಸರು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದ ಕಾಲವಿತ್ತು, ನಮಗೆ ಯಾರೂ ಕೆಂಪು ಎಣ್ಣೆ ಕುಡಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಇನ್ನು ಮುಂದೆ ಎಣ್ಣೆ ಕಡಿಮೆಯಾದರೆ ದಯಮಾಡಿ ಒಮ್ಮೆ ಕೆಮ್ಮಬೇಕು. ಜ್ವರ ಬಂದರೆ ಮುಟ್ಟಿ ನೋಡಲು ಒಂದು ಹಣೆಯನ್ನು ಹೊರಗೆ ಬಿಡಬೇಕು. ರಜೆ ಬೇಕಿದ್ದರೆ ಕಡಲು ಮುಚ್ಚಿರುವ ತಿಂಗಳಲ್ಲೇ ಕೇಳಬೇಕು. ನಾಳೆ ನಾವು ಪೂರ್ತಿ ಹೊರೆ ತುಂಬುವವರಿದ್ದೇವೆ. ಅಕ್ಕುವನ್ನೂ ಉಳಿದವರನ್ನೂ ನಾನು ಒಪ್ಪಿಸಿದ್ದೇನೆ, ಟೆಂಪೋ ಬೇಡವೆಂದಿದ್ದೇನೆ. ತಮಗೆ ಹತ್ತಲು ಆಗುವುದಿಲ್ಲವೆಂದಾದರೆ ಏರಿನ ಬುಡದಲ್ಲೇ ಹೇಳಿಬಿಡಿ, ನಾವು ಬೈಯುವುದಿಲ್ಲ. ನಡುವೆ ಬಿಡಬೇಡಿ. ನಡುವೆ ಒಮ್ಮೆ ಬಿದ್ದವನು ನಮ್ಮ ಯೋಗೀಶ.

ತಮ್ಮ ಪಕ್ಕೆಯ ಬೋಲ್ಟಿನ ಮೇಲೆ ಕಣ್ಣಿಟ್ಟಿರುವ,
ತಮ್ಮ ವಿಶ್ವಾಸಿ,
ಗಿರಿಜಾ, ಮರವಂತೆ

ತಾ.ಕ.: ನಮ್ಮ ಯಜಮಾನರು ಈಗ ಬೆಳಗಾದರೆ ಚಾ ಕುಡಿಯುವ ಮೊದಲೇ ಬೈರಾಸು ಹಿಡಿದು ಲಾರಿಯ ಅಡಿಗೆ ನುಗ್ಗಿ, ತಮ್ಮ ಮೂಗನ್ನು ಮೆತ್ತಗೆ ಒರೆಸಿ, "ಉಸ್ರ್ ಬತ್ತ ಕಾಣಿ?" ಎಂದು ವಿಚಾರಿಸಿ ಬರುತ್ತಾರೆ. ಮದುವೆಯಾದಂದಿನಿಂದ ನನಗೆ ಶೀತವಾದಾಗ ಒಂದು ಸಲವೂ ಕೇಳದ ಮಾತು ಅದು. ತಾವು ನಮ್ಮ ಮನೆಗೆ ಬಂದು ಏನೂ ಸಾಧಿಸಿಲ್ಲವೆಂದು ಹೇಳುವ ಧೈರ್ಯ ಇನ್ನು ನನಗಿಲ್ಲ.